ಈಜುವ ಮಕ್ಕಳ ಟೈಮಿಂಗ್ ನೋಡುವ ಮೊದಲು ಮೈಯ ವಯಸ್ಸು ಅಳೆಯಿರಿ

ಬಸವನಗುಡಿ ಈಜುಕೊಳದಲ್ಲಿ ಹನ್ನೆರಡು ಹದಿಮೂರರ ಹುಡುಗರ ಹೀಟ್ಸ್ (ಮೊದಲ ಸುತ್ತಿನ ಸ್ಪರ್ಧೆ) ಶುರುವಾಗುವ ಮುನ್ನ ಬ್ಲಾಕ್ (ಧುಮುಕುವ ಕಟ್ಟೆ) ಹಿಂದೆ ನಿಂತವರನ್ನು ಒಮ್ಮೆ ಸಾಲಾಗಿ ನೋಡಿ. ಮೂರನೇ ಲೇನಿನವನಿಗೆ ಮೀಸೆ ಚಿಗುರಿದೆ, ಭುಜ ಅಗಲವಾಗಿದೆ. ಐದನೇ ಲೇನಿನವನು ಅವನ ಎದೆಮಟ್ಟಕ್ಕೆ ಬರುತ್ತಾನೆ, ದನಿ ಇನ್ನೂ ಒಡೆದಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಬ್ಬರದೂ ಒಂದೇ ವರ್ಷ. ನಮ್ಮಲ್ಲಿ ವಯಸ್ಸನ್ನು ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಕಾಗದದ ಮೇಲೆ ಸಮವಯಸ್ಕರು. ಒಂದೇ ಗುಂಪಿನಲ್ಲಿ ಎರಡು ಮೂರು ಜನನ ವರ್ಷಗಳ ಮಕ್ಕಳನ್ನು ಸೇರಿಸಿದರೆ ಅಂತರ ಇನ್ನೂ ದೊಡ್ಡದು. ಇದರ ಮೇಲೆ ಮೈ ಬೆಳೆಯುವ ವೇಗದ ವ್ಯತ್ಯಾಸ ಬೇರೆ. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬನ ಮೂಳೆ ಎರಡು ವರ್ಷ ಮುಂದೆ, ಇನ್ನೊಬ್ಬನದು ಎರಡು ವರ್ಷ ಹಿಂದೆ ಇರಬಹುದು, ಇಬ್ಬರೂ ಪೂರ್ತಿ ಆರೋಗ್ಯವಾಗಿಯೂ ಇರಬಹುದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಪೋಷಕರೂ ಕೋಚ್‌ಗಳೂ ಈಜುಕೊಳಕ್ಕೂ ತರುತ್ತಾರೆ. 11ರಿಂದ 14ರ ನಡುವೆ ಅದು ಬಹಳ ಸಲ ತಪ್ಪು ದಾರಿ ಹಿಡಿಸುತ್ತದೆ. ಆ ವಯಸ್ಸಿನಲ್ಲಿ ಸ್ಟಾಪ್‌ವಾಚ್ ಹೇಳುವುದರಲ್ಲಿ ಅಭ್ಯಾಸದ ಪಾಲೆಷ್ಟು, ಮೈ ಬೆಳೆದುದರ ಪಾಲೆಷ್ಟು ಎಂದು ಬೇರ್ಪಡಿಸದೆ ಮಗುವನ್ನು ಮೇಲಿನ ಬ್ಯಾಚಿಗೆ ಹಾಕುವುದು, ಕೈಬಿಡುವುದು, ಅಭ್ಯಾಸ ಹೆಚ್ಚಿಸುವುದು ಮೂರೂ ಕುರುಡು ನಿರ್ಧಾರಗಳೇ. ಬೇರ್ಪಡಿಸಲು ಪ್ರಯೋಗಾಲಯ ಬೇಕಿಲ್ಲ. ಒಂದು ಅಳತೆ ಟೇಪು, ಒಂದು ಸ್ಟೂಲು, ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ ಸಾಕು.

ಮೈ ಬೆಳೆದರೆ ನೀರಿನಲ್ಲಿ ಏನಾಗುತ್ತದೆ

ಹತ್ತರ ಆಸುಪಾಸಿನಲ್ಲಿ ಮಕ್ಕಳು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಆಮೇಲೆ ಒಂದು ಜಿಗಿತ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಅದರ ತುದಿ, ಅಂದರೆ ಎತ್ತರ ಅತಿ ವೇಗವಾಗಿ ಏರುವ ಹೊತ್ತು, ಸಾಮಾನ್ಯವಾಗಿ ಹನ್ನೆರಡರ ಹತ್ತಿರ, ವರ್ಷಕ್ಕೆ ಸುಮಾರು 8 ಸೆಂ.ಮೀ. ವೇಗದಲ್ಲಿ, ಗಂಡುಮಕ್ಕಳಲ್ಲಿ ಹದಿನಾಲ್ಕರ ಹತ್ತಿರ, 9–10 ಸೆಂ.ಮೀ. ವೇಗದಲ್ಲಿ. ಹೆಣ್ಣುಮಕ್ಕಳು ಮೊದಲ ಸಲ ಮುಟ್ಟಾಗುವುದು ಹೆಚ್ಚಾಗಿ ಈ ತುದಿ ದಾಟಿದ ಒಂದು ವರ್ಷದ ಆಸುಪಾಸಿನಲ್ಲಿ.

ಬೆಳೆಯುವುದು ಒಂದೇ ಸಮನಲ್ಲ. ಮೊದಲು ಪಾದ, ಅಂಗೈ. ಜೂನ್‌ನಲ್ಲಿ ಕೊಂಡ ಶಾಲೆಯ ಶೂ ದಸರಾ ರಜೆಯ ಹೊತ್ತಿಗೇ ಕಚ್ಚತೊಡಗಿದರೆ ಜಿಗಿತ ಬಾಗಿಲಲ್ಲಿದೆ ಎಂದುಕೊಳ್ಳಿ. ಆಮೇಲೆ ಕಾಲು, ಅದರ ಹಿಂದೆ ಮುಂಡ. ತೂಕ ಮತ್ತು ಸ್ನಾಯುಬಲ ಎಲ್ಲಕ್ಕಿಂತ ಕೊನೆಗೆ, ಹುಡುಗರಲ್ಲಿ ಎತ್ತರದ ತುದಿ ದಾಟಿ ಆರು ತಿಂಗಳಿಂದ ವರ್ಷದೊಳಗೆ. ಅಂದರೆ ನಡುವೆ ಕೆಲವು ತಿಂಗಳು ಉದ್ದನೆಯ ಕೈಕಾಲಿದ್ದು ಅದನ್ನು ಎಳೆಯುವ ಬಲವಿರುವುದಿಲ್ಲ. ಕ್ಯಾಚ್‌ನಲ್ಲಿ (ಕೈ ನೀರನ್ನು ಹಿಡಿಯುವ ಹೊತ್ತು) ಮೊಣಕೈ ಬೀಳುತ್ತದೆ, ಬಟರ್‌ಫ್ಲೈಯ ಲಯ ತಪ್ಪುತ್ತದೆ, ಟರ್ನ್‌ನಲ್ಲಿ ಗೋಡೆಗೆ ತೀರಾ ಹತ್ತಿರ ಬಂದು ಮೊಣಕಾಲು ಮಡಚಿಕೊಳ್ಳುತ್ತದೆ. ಮಗು ಸೋಮಾರಿಯಾಗಿದೆ ಎಂದು ಬೈಗುಳ ಬೀಳುವುದು ಬಹುಪಾಲು ಈ ತಿಂಗಳುಗಳಲ್ಲೇ. ಮೈಯ ಅಳತೆ ಬದಲಾಗಿದೆ, ಮಿದುಳಿನಲ್ಲಿರುವ ನಕ್ಷೆ ಇನ್ನೂ ಹಳೆಯದು, ಅಷ್ಟೇ.

ಬೇಗ ಬೆಳೆದ ಹುಡುಗನಿಗೆ ಸಿಗುವ ಲಾಭ ಹಲವು ಬಗೆಯದು. ಉದ್ದ ತೋಳು ಗೋಡೆಯನ್ನು ಮೊದಲು ಮುಟ್ಟುತ್ತದೆ, ದೊಡ್ಡ ಅಂಗೈ ಹೆಚ್ಚು ನೀರು ಹಿಡಿಯುತ್ತದೆ, ಟೆಸ್ಟೊಸ್ಟಿರೋನ್ ಸ್ನಾಯುವನ್ನೂ ಹಿಮೋಗ್ಲೋಬಿನ್ನನ್ನೂ ಏರಿಸುತ್ತದೆ. ಈ ಲಾಭ 50 ಮತ್ತು 100 ಮೀಟರ್‌ನಲ್ಲಿ ಹೆಚ್ಚು ಕಾಣುತ್ತದೆ. ದೂರ ಹೆಚ್ಚಾದಂತೆ ತಂತ್ರ ಮತ್ತು ದಮ್ಮಿನ ಪಾಲು ಏರುತ್ತದೆ, ಮೈಗಾತ್ರದ ಪಾಲು ಇಳಿಯುತ್ತದೆ. ನಿಧಾನವಾಗಿ ಬೆಳೆಯುವ ಮಗುವಿಗೆ 50 ಫ್ರೀಸ್ಟೈಲ್ ಒಂದನ್ನೇ ಅಳತೆಗೋಲು ಮಾಡುವುದು ಅನ್ಯಾಯ. 200 ಐಎಂ (ನಾಲ್ಕೂ ಸ್ಟ್ರೋಕ್ ಸೇರಿದ ಸ್ಪರ್ಧೆ), 400 ಫ್ರೀಸ್ಟೈಲ್ ಕೂಡ ಈಜಿಸಿ ನೋಡಬೇಕು. ಹದಿನಾರು ಹದಿನೇಳು ದಾಟುವಷ್ಟರಲ್ಲಿ ಉಳಿದವರೂ ಬೆಳೆದು ಬರುತ್ತಾರೆ, ಈ ಮುನ್ನಡೆ ಬಹುಪಾಲು ಕರಗುತ್ತದೆ.

ಹುಡುಗ ಹುಡುಗಿಯರ ದಾರಿಯೂ ಬೇರೆ. ಧಿನಿಧಿ ದೇಸಿಂಘು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದಾಗ ಅವರಿಗೆ 20. ಇಬ್ಬರೂ ಬೆಂಗಳೂರಿನವರೇ. ಹದಿನಾಲ್ಕರ ಹೊತ್ತಿಗೆ ಹೆಚ್ಚಿನ ಹುಡುಗಿಯರ ಜಿಗಿತ ಮುಗಿದಿರುತ್ತದೆ, ಹೆಚ್ಚಿನ ಹುಡುಗರು ಅದರ ನಡುವೆಯೇ ಇರುತ್ತಾರೆ. ಅಕ್ಕನ ಟೈಮಿಂಗ್ ಪಟ್ಟಿಯನ್ನು ತಮ್ಮನ ಮುಂದೆ ಹಿಡಿಯಬೇಡಿ.

ಅಳೆಯುವ ಬಗೆ

ಮೂರು ತಿಂಗಳಿಗೊಮ್ಮೆ ಸಾಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೊದಲ ಭಾನುವಾರ ಎಂದು ಇಟ್ಟುಕೊಳ್ಳಿ. ಬೆಳಗ್ಗೆ ಎದ್ದ ಮೇಲೆ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿಕೊಂಡು ಸಂಜೆಗೆ ಎತ್ತರ ಒಂದು ಸೆಂ.ಮೀ.ವರೆಗೂ ಇಳಿಯಬಹುದು.

ಗೋಡೆಯಡಿ ಸ್ಕರ್ಟಿಂಗ್ ಹೊರಚಾಚಿದ್ದರೆ ಅಲ್ಲಿ ಅಳೆಯಬೇಡಿ, ಬಾಗಿಲ ಚೌಕಟ್ಟು ಒಳ್ಳೆಯದು. ಬಟ್ಟೆ ಹೊಲಿಯುವ ಟೇಪು ಹಿಗ್ಗುತ್ತದೆ, ಉಕ್ಕಿನ ಟೇಪನ್ನೇ ನೆಲದಿಂದ ನೆಟ್ಟಗೆ ಅಂಟಿಸಿ. ಬರಿಗಾಲು, ಹಿಮ್ಮಡಿ, ಪೃಷ್ಠ, ಬೆನ್ನು ತಾಗಿರಲಿ, ಜಡೆಯನ್ನೋ ಜುಟ್ಟನ್ನೋ ಬಿಚ್ಚಿರಲಿ, ಕಣ್ಣು ನೇರ ಮುಂದೆ. ದಪ್ಪ ರಟ್ಟಿನ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು ತಲೆಯ ಮೇಲೆ ಇಳಿಸಿ. ಎರಡು ಸಲ ಅಳೆಯಿರಿ. ಎರಡರ ನಡುವೆ 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೂರನೆಯದು ತೆಗೆದು ನಡುವಿನ ಸಂಖ್ಯೆಯನ್ನು ಬರೆಯಿರಿ. ಇಷ್ಟು ಕಟ್ಟುನಿಟ್ಟು ಏಕೆಂದರೆ, ಮೂರು ತಿಂಗಳಲ್ಲಿ ಅರ್ಧ ಸೆಂ.ಮೀ. ತಪ್ಪಾದರೆ ವಾರ್ಷಿಕ ವೇಗದಲ್ಲಿ ಅದು 2 ಸೆಂ.ಮೀ. ತಪ್ಪಾಗುತ್ತದೆ, ಇಲ್ಲದ ಜಿಗಿತ ಕಾಣಿಸುತ್ತದೆ.

ಕೂತ ಎತ್ತರಕ್ಕೆ ಸುಮಾರು 40 ಸೆಂ.ಮೀ.ನ ಗಟ್ಟಿ ಸ್ಟೂಲನ್ನು ಟೇಪಿನ ಮುಂದೆ ಗೋಡೆಗೆ ತಾಗಿಸಿಡಿ. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ತಲೆಯವರೆಗಿನ ಅಳತೆಯಲ್ಲಿ ಸ್ಟೂಲಿನ ಎತ್ತರ ಕಳೆಯಿರಿ. ಪ್ಲಾಸ್ಟಿಕ್ ಕುರ್ಚಿ ಬಗ್ಗುತ್ತದೆ, ಬೇಡ. ತೋಳುಗಳ ಹರವನ್ನು ಗೋಡೆಗೆ ಬೆನ್ನು ಹಚ್ಚಿ, ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿಸಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಗೆ ಅಳೆಯಿರಿ.

ಈಗ ಲೆಕ್ಕ. ವೇಗಕ್ಕೆ: ಎರಡು ಅಳತೆಗಳ ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸಿ 365ರಿಂದ ಗುಣಿಸಿ. 148.2 ಇದ್ದದ್ದು 91 ದಿನದಲ್ಲಿ 150.6 ಆದರೆ ವರ್ಷಕ್ಕೆ 9.6 ಸೆಂ.ಮೀ. ಜಿಗಿತ ನಡೆಯುತ್ತಿದೆ ಎಂದರ್ಥ. ವೇಗ ವರ್ಷಕ್ಕೆ 7 ಸೆಂ.ಮೀ. ದಾಟಿದರೇ ಎಚ್ಚರ ವಹಿಸಿ.

ಜಿಗಿತದ ತುದಿ ಇನ್ನೆಷ್ಟು ದೂರ ಎಂದು ಅಂದಾಜು ಮಾಡಲು 2015ರಲ್ಲಿ ಪ್ರಕಟವಾದ ಒಂದು ಸರಳ ಸೂತ್ರವಿದೆ. ಹುಡುಗರಿಗೆ ವಯಸ್ಸನ್ನು ಕೂತ ಎತ್ತರದಿಂದ ಗುಣಿಸಿ, ಬಂದದ್ದನ್ನು 0.0070346ರಿಂದ ಗುಣಿಸಿ 8.128741 ಕಳೆಯಿರಿ. ಹುಡುಗಿಯರಿಗೆ ವಯಸ್ಸನ್ನು ನಿಂತ ಎತ್ತರದಿಂದ ಗುಣಿಸಿ, ಬಂದದ್ದನ್ನು 0.0042232ರಿಂದ ಗುಣಿಸಿ 7.709133 ಕಳೆಯಿರಿ. ವಯಸ್ಸು ದಶಮಾಂಶದಲ್ಲಿರಲಿ, ಹನ್ನೆರಡೂವರೆ ಅಂದರೆ 12.5. ಉತ್ತರ ವರ್ಷಗಳಲ್ಲಿ ಬರುತ್ತದೆ, ಅದು ಋಣವಾದರೆ ತುದಿ ಇನ್ನೂ ಬಂದಿಲ್ಲ. 11 ವರ್ಷದ, 144 ಸೆಂ.ಮೀ.ನ ಹುಡುಗಿಗೆ −1.02 ಬರುತ್ತದೆ, ಅಂದರೆ ತುದಿ ಹನ್ನೆರಡರ ಹತ್ತಿರ.

ಈ ಸೂತ್ರವನ್ನು ಕೆನಡಾದ ಮಕ್ಕಳ ಅಳತೆಗಳಿಂದ ಕಟ್ಟಿದ್ದು. ಒಂದು ವರ್ಷ ಅತ್ತಿತ್ತ ಆಗುವುದು ಸಾಮಾನ್ಯ. ತೀರಾ ಬೇಗ ಅಥವಾ ತೀರಾ ತಡವಾಗಿ ಬೆಳೆಯುವವರನ್ನು ಅದು ಸರಾಸರಿಯ ಕಡೆಗೆ ಎಳೆಯುತ್ತದೆ. ನಮಗೆ ಮುಖ್ಯರಾದವರು ಆ ಎರಡು ತುದಿಯ ಮಕ್ಕಳೇ ಆದ್ದರಿಂದ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಡಬೇಕು. ಅಪ್ಪ ಅಮ್ಮನ ಎತ್ತರ ಕೂಡಿ, ಮಗನಾದರೆ 13 ಸೇರಿಸಿ, ಮಗಳಾದರೆ 13 ಕಳೆದು, ಎರಡರಿಂದ ಭಾಗಿಸಿ. ಮಗು ಮುಟ್ಟಬಹುದಾದ ಎತ್ತರದ ಅಂದಾಜು ಅದು, 8 ಸೆಂ.ಮೀ. ಹೆಚ್ಚುಕಡಿಮೆ. ಈಗಿನ ಎತ್ತರ ಅದರ ಶೇಕಡಾ ಎಷ್ಟು ಎಂದು ನೋಡಿ. 88ರೊಳಗಿದ್ದರೆ ಜಿಗಿತದ ಮುಂಚಿನ ಹಂತ, 88ರಿಂದ 96 ಜಿಗಿತದ ಆಸುಪಾಸು, ಅದರಾಚೆ ಮುಗಿದ ಹಂತ. ಅಪ್ಪ ಅಮ್ಮ ತಮ್ಮ ಎತ್ತರವನ್ನು ನೆನಪಿನಿಂದ ಹೇಳಬಾರದು, ಅವರನ್ನೂ ಅದೇ ಟೇಪಿಗೆ ನಿಲ್ಲಿಸಿ.

ಇಬ್ಬರು ಹುಡುಗರ ಪುಟ

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕಟ್ಟೋಣ. ಇಬ್ಬರಿಗೂ 12.5 ವರ್ಷ. ಮೊದಲನೆಯವನು 163 ಸೆಂ.ಮೀ., ಕೂತ ಎತ್ತರ 84, ತೋಳಿನ ಹರವು 168; ಅಪ್ಪ 180, ಅಮ್ಮ 163. ಎರಡನೆಯವನು 148, ಕೂತ ಎತ್ತರ 76, ಹರವು 148. ಅಪ್ಪ 176, ಅಮ್ಮ 159. ಸೂತ್ರದ ಪ್ರಕಾರ ಮೊದಲನೆಯವನಿಗೆ −0.74, ಎರಡನೆಯವನಿಗೆ −1.45. ಅಂತರ ಎಂಟೊಂಬತ್ತು ತಿಂಗಳಷ್ಟೇ ಅನ್ನಿಸುತ್ತದೆ. ಶೇಕಡಾ ಲೆಕ್ಕ ಹಾಕಿದರೆ ಮೊದಲನೆಯವನು 178ರಲ್ಲಿ 163, ಅಂದರೆ 91.6; ಎರಡನೆಯವನು 174ರಲ್ಲಿ 148, ಅಂದರೆ 85.1. ಒಬ್ಬ ಜಿಗಿತದ ಮಧ್ಯದಲ್ಲಿದ್ದಾನೆ, ಇನ್ನೊಬ್ಬನಿಗೆ ಶುರುವೇ ಆಗಿಲ್ಲ. ಎರಡು ಲೆಕ್ಕ ಹೀಗೆ ಬೇರೆ ಹೇಳಿದಾಗ ತೀರ್ಪು ಕೊಡುವುದು ಮೂರು ತಿಂಗಳ ವೇಗ.

ಇನ್ನು ನೀರಿನ ಅಳತೆ. 50 ಮೀಟರ್ ಕೊಳದಲ್ಲಿ ಗೋಡೆಯ ತಳ್ಳು ಕರಗಿದ ಮೇಲಿನ ಭಾಗ, ಅಂದರೆ 15ರಿಂದ 35 ಮೀಟರ್ ಗುರುತಿನವರೆಗಿನ 20 ಮೀಟರನ್ನು ದಂಡೆಯಿಂದ ವಿಡಿಯೊ ಮಾಡಿ. ತಲೆ ಗುರುತು ದಾಟುವ ಕ್ಷಣಗಳಿಂದ ಸಮಯ ಹಿಡಿಯಿರಿ. ಬಲಗೈ ನೀರಿಗೆ ಇಳಿದಲ್ಲಿಂದ ಮತ್ತೆ ಬಲಗೈ ಇಳಿಯುವವರೆಗೆ ಒಂದು ಸುತ್ತು. ಮೂರು ಸುತ್ತಿನ ಸಮಯ ತೆಗೆದು ಮೂರರಿಂದ ಭಾಗಿಸಿ. ಮೊದಲ ಹುಡುಗ 20 ಮೀಟರನ್ನು 12.5 ಸೆಕೆಂಡಿಗೆ ಈಜಿದ, ವೇಗ 1.60, ಸುತ್ತಿಗೆ 1.15 ಸೆಕೆಂಡು, ಹಾಗಾದರೆ ಒಂದು ಸುತ್ತಿಗೆ ಅವನು ಸಾಗಿದ್ದು 1.84 ಮೀಟರ್. ಎರಡನೆಯವನು 13.6 ಸೆಕೆಂಡು, ವೇಗ 1.47, ಸುತ್ತಿಗೆ 1.20, ಸಾಗಿದ್ದು 1.76 ಮೀಟರ್. ಈಗ ಇದನ್ನು ಮೀಟರಿಗೆ ಬದಲಿಸಿದ ತೋಳಿನ ಹರವಿನಿಂದ ಭಾಗಿಸಿ. ಮೊದಲನೆಯವನಿಗೆ 1.10, ಎರಡನೆಯವನಿಗೆ 1.19. ತನ್ನ ಮೈಯಳತೆಗೆ ಹೋಲಿಸಿದರೆ ಸಣ್ಣವನೇ ನೀರನ್ನು ಚೆನ್ನಾಗಿ ಹಿಡಿಯುತ್ತಿದ್ದಾನೆ. ಟೈಮಿಂಗ್ ಹಾಳೆಯಲ್ಲಿ ಅವನು ಒಂದು ಸೆಕೆಂಡಿಗೂ ಹಿಂದೆ. ಆಯ್ಕೆಯ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕುವ ಮುನ್ನ ಈ ಎರಡು ಸಂಖ್ಯೆ ನೋಡಲೇಬೇಕು.

ಎಚ್ಚರಿಕೆ: 25 ಮೀಟರ್ ಕೊಳದ ಸಂಖ್ಯೆಯನ್ನು 50 ಮೀಟರಿನದರ ಜೊತೆ ಹೋಲಿಸಬೇಡಿ. ಹೋಲಿಸುವ ಇಬ್ಬರನ್ನೂ ಒಂದೇ ಪ್ರಯತ್ನದ ಮಟ್ಟದಲ್ಲಿ ಈಜಿಸಿ. ನಿಧಾನ ಈಜಿದರೆ ಯಾರಿಗಾದರೂ ಸುತ್ತು ಉದ್ದವಾಗುತ್ತದೆ.

ಅಭ್ಯಾಸವನ್ನು ಹೊಂದಿಸುವುದು

ಜಿಗಿತಕ್ಕೆ ಮುಂಚೆ: ನಾಲ್ಕೂ ಸ್ಟ್ರೋಕ್, ಟರ್ನ್, ಸ್ಟ್ರೀಮ್‌ಲೈನ್ (ಮೈ ನೀಳವಾಗಿ ಚಾಚಿ ಜಾರುವುದು), ನೀರೊಳಗಿನ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯುವುದು). ಹತ್ತರ ಮಗುವನ್ನು ‘ಬ್ರೆಸ್ಟ್‌ಸ್ಟ್ರೋಕರ್’ ಎಂದು ಹೆಸರಿಟ್ಟು ಕೂರಿಸಬೇಡಿ, ಇನ್ನೆರಡು ವರ್ಷಕ್ಕೆ ಅದರ ತೋಳು ಕಾಲು ಹೇಗಿರುತ್ತವೋ ಯಾರಿಗೂ ಗೊತ್ತಿಲ್ಲ.

ಜಿಗಿತದ ಹೊತ್ತೇ ಸೂಕ್ಷ್ಮ. ಮೂಳೆ ಉದ್ದವಾಗುವಷ್ಟು ಬೇಗ ಗಟ್ಟಿಯಾಗುವುದಿಲ್ಲ, ಸ್ನಾಯುರಜ್ಜು ಮೂಳೆಯನ್ನು ಹಿಡಿದಿರುವ ಜಾಗ ಎಳೆತಕ್ಕೆ ನೋಯುತ್ತದೆ. ಹ್ಯಾಂಡ್ ಪ್ಯಾಡಲ್ (ಅಂಗೈಗೆ ಕಟ್ಟುವ ಹಲಗೆ) ಚೀಲದಲ್ಲೇ ಇರಲಿ, ಕೈ ಉದ್ದವಾದದ್ದೇ ಭುಜಕ್ಕೆ ಹೊಸ ಪ್ಯಾಡಲ್. ಕಿಕ್‌ಬೋರ್ಡನ್ನು ಎರಡೂ ಕೈ ಮುಂದೆ ಚಾಚಿ ಹಿಡಿದು ಉದ್ದುದ್ದ ಸೆಟ್ ಮಾಡಿಸಿದರೆ ಭುಜದ ಕೀಲು ಅದುಮಿಕೊಳ್ಳುತ್ತದೆ; ಬೆನ್ನ ಮೇಲೆ ಮಲಗಿಸಿ, ಕೈ ಪಕ್ಕದಲ್ಲಿಟ್ಟು ಕಿಕ್ ಮಾಡಿಸಿ. ಬಟರ್‌ಫ್ಲೈ 25 ಮೀಟರಿನ ತುಂಡುಗಳಲ್ಲಿ, ಲಯ ಕೆಟ್ಟ ಕೂಡಲೇ ನಿಲ್ಲಿಸಿ. ಮಂಡಿಚಿಪ್ಪಿನ ಕೆಳಗೆ ಗಂಟು ಉಬ್ಬಿ ಮುಟ್ಟಿದರೆ ನೋವಾದರೆ ಬ್ರೆಸ್ಟ್‌ಸ್ಟ್ರೋಕ್ ಕಿಕ್ಕನ್ನೂ ಬ್ಲಾಕ್ ಮೇಲಿನ ಜಿಗಿತವನ್ನೂ ಇಳಿಸಿ. ಹಿಮ್ಮಡಿ ನೋವಾದರೆ ನೆಲದ ಮೇಲಿನ ಓಟ, ಸ್ಕಿಪ್ಪಿಂಗ್ ಮೊದಲು ನಿಲ್ಲಲಿ. ವೇಗವೂ ಏರಿದೆ, ನೋವೂ ಇದೆ ಎಂದಾದರೆ ಎರಡು ಮೂರು ವಾರ ಒಟ್ಟು ಮೀಟರನ್ನು ಕಾಲುಭಾಗ ಕಡಿಮೆ ಮಾಡಿ. ಮರುದಿನ ಬೆಳಗ್ಗೆಯೂ ಉಳಿಯುವ ನೋವು, ಸ್ಟ್ರೋಕನ್ನೇ ಬದಲಿಸುವ ನೋವು ಸಹಿಸಿಕೊಂಡು ಈಜುವಂಥದ್ದಲ್ಲ; ವೈದ್ಯರಿಗೆ ತೋರಿಸಬೇಕು. ನೆಲದ ಮೇಲೆ ರಬ್ಬರ್ ಬ್ಯಾಂಡಿನಿಂದ ಭುಜವನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ 12–15ರ ಎರಡು ಸುತ್ತು, ವಾರಕ್ಕೆ ಮೂರು ದಿನ. ಜೊತೆಗೆ ಪ್ಲ್ಯಾಂಕ್ ಮತ್ತು ತೊಡೆಯ ಹಿಂಭಾಗದ ಸ್ಟ್ರೆಚ್. ತೂಕ ಎತ್ತಿದರೆ ಮಗು ಕುಳ್ಳಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಆದರೆ ಪಕ್ಕದಲ್ಲಿ ತಿಳಿದವರು ನಿಂತಿರಬೇಕು. ಬಲದ ಅಭ್ಯಾಸದಿಂದ ದೊಡ್ಡ ಫಲ ಸಿಗುವುದು ತುದಿ ದಾಟಿದ ಮೇಲೆ.

ನಿದ್ದೆ ಬೆಂಗಳೂರಿನ ದೊಡ್ಡ ತೊಡಕು. 6–12ರ ಮಕ್ಕಳಿಗೆ ದಿನಕ್ಕೆ 9–12 ಗಂಟೆ, 13–18ರವರಿಗೆ 8–10 ಗಂಟೆ ಬೇಕು. ಐದೂವರೆಯ ಬ್ಯಾಚಿಗೆ ನಾಲ್ಕೂಮುಕ್ಕಾಲಿಗೆ ಎದ್ದು, ಶಾಲೆ, ಟ್ಯೂಷನ್, ಟ್ರಾಫಿಕ್ ಮುಗಿಸಿ ಹತ್ತೂವರೆಗೆ ಮಲಗುವ ಮಗುವಿಗೆ ಸಿಗುವುದು ಆರೂಕಾಲು ಗಂಟೆ. ಜಿಗಿತದ ತಿಂಗಳುಗಳಲ್ಲಿ ವಾರಕ್ಕೆ ಎರಡು ಬೆಳಗಿನ ಬ್ಯಾಚ್ ಬಿಡಿಸಿದರೆ ಕಳೆದುಕೊಳ್ಳುವುದಕ್ಕಿಂತ ಗಳಿಸುವುದೇ ಹೆಚ್ಚು.

ಹುಡುಗಿಯರ ಟೈಮಿಂಗ್ ನಿಂತಾಗ

ಹನ್ನೆರಡು ಹದಿಮೂರರವರೆಗೆ ತಿಂಗಳು ತಿಂಗಳೂ ಇಳಿಯುತ್ತಿದ್ದ ಟೈಮಿಂಗ್, ಮುಟ್ಟು ಶುರುವಾದ ಮೇಲೆ ಒಂದು ಒಂದೂವರೆ ವರ್ಷ ಅಲ್ಲಾಡದೆ ನಿಲ್ಲುವುದು ಬಹಳ ಹುಡುಗಿಯರಲ್ಲಿದೆ. ಸೊಂಟ ಅಗಲವಾಗಿ, ಕೊಬ್ಬು ಹೆಚ್ಚಿ, ಮೈ ತೇಲುವ ರೀತಿಯೇ ಬದಲಾಗಿರುತ್ತದೆ. ನೀರಿನಲ್ಲಿ ತಲೆ, ಎದೆ, ಸೊಂಟದ ಮಟ್ಟವನ್ನು ಹೊಸದಾಗಿ ಕಲಿಸಬೇಕಾದ ಹೊತ್ತಿದು. ನಡೆಯುವುದು ಮಾತ್ರ ಬೇರೆ: ಮೀಟರ್ ಹೆಚ್ಚಿಸುತ್ತಾರೆ, ‘ತೂಕ ಇಳಿಸು’ ಎನ್ನುತ್ತಾರೆ, ಮಗು ಅನ್ನ ಬಿಡುತ್ತದೆ. ಇದರಷ್ಟು ಹಾನಿ ಮಾಡುವ ಸಲಹೆ ಈ ಕ್ರೀಡೆಯಲ್ಲಿ ಇನ್ನೊಂದಿಲ್ಲ. ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮೂರು ತಿಂಗಳು ಮುಟ್ಟು ತಪ್ಪಿದರೆ, ಅಥವಾ 15 ತುಂಬಿದರೂ ಶುರುವಾಗದಿದ್ದರೆ ವೈದ್ಯರ ಬಳಿ ಹೋಗಿ.

ಸುಸ್ತು, ಕೊನೆಯ 50ರಲ್ಲಿ ಕುಸಿತ ಕಂಡರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷೆ ಮಾಡಿಸಿ; ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಊಟದ ಜೊತೆ ಕಾಫಿ, ಟೀ ಬೇಡ, ಕಬ್ಬಿಣದಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ಮೂಳೆಗೆ ರಾಗಿ ಒಳ್ಳೆಯದು, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟಿನ ದಿನ ನೀರಿಗಿಳಿಯಬಾರದು ಎನ್ನಲು ವೈದ್ಯಕೀಯ ಕಾರಣವಿಲ್ಲ. ಟ್ಯಾಂಪೂನ್, ಕಪ್ ಬಳಸಬಹುದು. ಇಳಿಯುವುದೋ ಬಿಡುವುದೋ ಹುಡುಗಿಯೇ ಹೇಳಲಿ, ಗೈರಾದರೆ ಎಲ್ಲರೆದುರು ಕಾರಣ ಕೇಳಬೇಡಿ.

ಯಾರು ಏನು ಮಾಡಬೇಕು

ಅಳತೆ ತೆಗೆಯುವವರು ಅಪ್ಪ ಅಮ್ಮನೇ ಆಗಿರಲಿ, ಮನೆಯಲ್ಲಿ. ಕ್ಲಬ್ಬಿನಲ್ಲೇ ಮಾಡುವುದಾದರೆ ಪೋಷಕರ ಒಪ್ಪಿಗೆ ಪಡೆದು, ಮರೆಯಲ್ಲಿ, ಟೀ ಶರ್ಟ್ ಹಾಕಿಸಿ, ಹುಡುಗಿಯರನ್ನು ಮಹಿಳೆಯರೇ ಅಳೆಯಬೇಕು. ತೂಕ ಎತ್ತರಗಳನ್ನು ಬೋರ್ಡಿನ ಮೇಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಹಾಕಬಾರದು. ಮೈ ನೆರೆದ ಲಕ್ಷಣಗಳನ್ನು ಪರೀಕ್ಷಿಸುವುದು ವೈದ್ಯರ ಕೆಲಸ, ಕೋಚ್‌ದಲ್ಲ. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮುನ್ನವೇ ಲಕ್ಷಣ ಕಂಡರೆ, ಅಥವಾ ಹುಡುಗಿಗೆ 13, ಹುಡುಗನಿಗೆ 14 ಆದರೂ ಕಾಣದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನೋಟ್‌ಬುಕ್ ಜೊತೆಗೇ ಒಯ್ಯಿರಿ. ಭಾರತೀಯ ಮಕ್ಕಳಿಗೆಂದೇ 2015ರಲ್ಲಿ ಬಂದ ಬೆಳವಣಿಗೆ ಚಾರ್ಟಿನ ಮೇಲೆ ಆ ಸಂಖ್ಯೆಗಳನ್ನು ಅವರು ಗುರುತಿಸಿ ನೋಡುತ್ತಾರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಹೇಳಿಸುವುದೂ ಅವರು ಬೇಕೆಂದಾಗ ಮಾತ್ರ. ಬೇಗ ಬೆಳೆದ ಮಗುವಿನ ಮೂಳೆ ದೊಡ್ಡ ವಯಸ್ಸು ತೋರಿಸಿದ ಮಾತ್ರಕ್ಕೆ ಜನನ ದಿನಾಂಕ ಸುಳ್ಳಾಗುವುದಿಲ್ಲ.

ಕೋಚ್‌ಗಳು ಎರಡು ತಿಂಗಳಿಗೊಮ್ಮೆ ಕ್ಲಬ್ಬಿನೊಳಗೆ ಒಂದು ಟೈಮ್ ಟ್ರಯಲ್ ಅನ್ನು ಜನನ ವರ್ಷ ಬಿಟ್ಟು ಆ ಶೇಕಡಾ ಲೆಕ್ಕದ ಮೇಲೆ ಗುಂಪು ಮಾಡಿ ನಡೆಸಲಿ. ಶೇಕಡಾ 92ರ ಹುಡುಗ ತನ್ನಷ್ಟೇ ಬೆಳೆದ ಹಿರಿಯರ ಜೊತೆ ಈಜಿದಾಗ ಬರೀ ತೋಳಿನ ಉದ್ದದಿಂದ ಗೆಲ್ಲಲಾಗುವುದಿಲ್ಲ, ಟರ್ನ್ ತಿದ್ದಿಕೊಳ್ಳಲೇಬೇಕಾಗುತ್ತದೆ. ಶೇಕಡಾ 85ರವನು ಮೊದಲ ಸಲ ಮುಂದೆ ಯಾರೂ ಇಲ್ಲದ ನೀರನ್ನು ನೋಡುತ್ತಾನೆ. ನೋಟ್‌ಬುಕ್ಕಿನ ಒಂದು ಸಾಲಿಗೆ ಇಷ್ಟು ಸಾಕು: ದಿನಾಂಕ, ಎತ್ತರ, ಕೂತ ಎತ್ತರ, ಹರವು, ವಾರ್ಷಿಕ ವೇಗ, ಶೇಕಡಾ, ಒಂದು ಸುತ್ತಿನ ಉದ್ದ ಭಾಗಿಸು ಹರವು, ಶೂ ನಂಬರು, ನೋವಿದ್ದರೆ ಎಲ್ಲಿ. ವರ್ಷಕ್ಕೆ ನಾಲ್ಕು ಸಾಲು. ಬ್ಯಾಚ್ ಬದಲಿಸುವ ಮಾತು ಬಂದ ದಿನ ಟೈಮಿಂಗ್ ಹಾಳೆಯ ಪಕ್ಕದಲ್ಲಿ ಈ ಪುಟವನ್ನೂ ಮೇಜಿನ ಮೇಲಿಡಿ.